ಒಂದು ಸಂಸಾರಕ್ಕೆ ಒಂದೇ ರಿಬೇಟು

ನನ್ನ ಇಬ್ಬರು ಸೋದರತ್ತೆಯರು ಒಂದೇ ಮನೆಯಲ್ಲಿದ್ದರು, ಆದರೆ ಒಂದೇ ಸಂಸಾರವಾಗಿರಲಿಲ್ಲ. ಈ ವ್ಯತ್ಯಾಸ ಅಮೆರಿಕದ ಮಿಲ್ವಾಕಿಯ ದಕ್ಷಿಣ ಭಾಗದಲ್ಲಿ ಮಾಂಸದಂಗಡಿಯವನಿಂದ ಹಿಡಿದು ಚರ್ಚಿನ ಪಾದ್ರಿಯವರ ತನಕ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಒಂದು ರಿಬೇಟ್ ಕಚೇರಿಗೆ ಮಾತ್ರ.

ನಮ್ಮ ಕಡೆಯ ಮನೆಗಳೇ ಹಾಗೆ, ಒಂದರ ತಲೆಯ ಮೇಲೆ ಇನ್ನೊಂದು. ಬೀದಿಗೆ ಒಂದೇ ಬಾಗಿಲು, ಒಂದೇ ಅಂಚೆ ಡಬ್ಬಿ, ಹಿತ್ತಿಲ ಕಡೆ ತಿರುವಿರುವ ಮರದ ಮೆಟ್ಟಿಲು. ಅಜ್ಜ ಸಾಯುವ ಮೊದಲು ಕೆಳಗಿನದನ್ನು ದೊಡ್ಡ ಮಗಳು ಲಿಯೋನಾಳಿಗೂ ಮೇಲಿನದನ್ನು ಚಿಕ್ಕವಳು ಆಡ್ಲಿನ್‌ಳಿಗೂ ಬರೆದುಕೊಟ್ಟಿದ್ದ. ಲಿಯೋನಾ ಮದುವೆಯಾಗಿ ಕುಬಿಯಾಕ್ ಆದಳು. ಆಡ್ಲಿನ್ ಮದುವೆಯಾಗದೆ, ಕೈಗವಸು ಕಾರ್ಖಾನೆಯಲ್ಲಿ ನಿವೃತ್ತಿಯ ತನಕ ಹೊಲಿದು, ಗೋರ್ಸ್ಕಿಯಾಗಿಯೇ ಉಳಿದಳು. ನಮ್ಮ ಪೋಲಿಷ್ ಮನೆಗಳ ಮಾತಿನಂತೆ ಇಬ್ಬರೂ ನನಗೆ 'ಚೋಚಾ'. ಅವರ ಅಣ್ಣನ ಮಗಳು ರೆನಾಟಾ ನಾನು. ಹಲ್ಲಿನ ಡಾಕ್ಟರೊಬ್ಬರ ಷಾಪಿನಲ್ಲಿ ಮುಂದಿನ ಮೇಜಿನ ಹಿಂದೆ ಕೂರುವುದು ನನ್ನ ಕೆಲಸ.

ಅಕ್ಕತಂಗಿಯರು ಮಾತು ಬಿಟ್ಟದ್ದು ಲಿಯೋನಾಳ ಗಂಡ ಚೆಸ್ಟರ್ ಮಣ್ಣಾದ ದಿನ. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆಡ್ಲಿನ್ ತನ್ನ ಗಾಜಿನ ದೊಡ್ಡ ಬೋಗುಣಿಯಲ್ಲಿ ಆಲೂಗಡ್ಡೆ ಸಲಾಡ್ ತಂದಿಟ್ಟಳು. ಲಿಯೋನಾ ಕಣ್ಣೊರೆಸಿಕೊಂಡು ಒಂದು ಚಮಚ ಬಾಯಿಗಿಟ್ಟು, ಪಾದ್ರಿಯವರ ಎದುರಿಗೇ, "ಇದು ಅಂಗಡಿದು" ಎಂದಳು. ಆಡ್ಲಿನ್ ಬೋಗುಣಿ ಎತ್ತಿಕೊಂಡು, "ಗಂಡನ್ನ ಮಣ್ಣು ಮಾಡಿದ ದಿನವೂ ನಾಲಿಗೆ ಮಾತ್ರ ಚೆನ್ನಾಗೇ ಕೆಲಸ ಮಾಡ್ತಿದೆ" ಎಂದು ಹೊರಟೇಹೋದಳು. ಸಲಾಡ್ ಅಂಗಡಿಯದೇ ಆಗಿತ್ತು. ಅದರಿಂದಲೇ ಜಗಳ ಇಷ್ಟು ಗಟ್ಟಿಯಾದದ್ದು. ಲಿಯೋನಾ ಸುಳ್ಳು ಹೇಳಿದ್ದರೆ ಎಂದೋ ಕ್ಷಮೆ ಸಿಗುತ್ತಿತ್ತೇನೋ.

ಅಂದಿನಿಂದ ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಬರಲಿಲ್ಲ. ಅವಳು ಇವಳಿಗೆ 'ಕೆಳಗಿನವಳು', ಇವಳು ಅವಳಿಗೆ 'ಮೇಲಿನವಳು'. ಮೇಲೆ ಪೋಲ್ಕಾ ಹಾಡು ಜೋರಾದರೆ ಕೆಳಗಿನಿಂದ ಪೊರಕೆ ಹಿಡಿಯ ಗುದ್ದು. ಕೆಳಗೆ ಸೌರ್‌ಕ್ರೌಟ್ ಎಂಬ ಹುಳಿ ಕೋಸು ಕುದಿಯುವ ವಾಸನೆ ಏರಿದರೆ ಮೇಲಿನಿಂದ ಕಿಟಕಿ ಧಡಾರನೆ ತೆರೆಯುವ ಸದ್ದು, ಹೊರಗೆ ಹಿಮ ಸುರಿಯುತ್ತಿದ್ದರೂ. ಅದಕ್ಕೂ ಮೀರಿದ ಸುದ್ದಿಗಳನ್ನು ಹೊರುವ ಕತ್ತೆ ನಾನು.

ಒಂದು ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಪತ್ರಿಕೆಯೊಳಗೆ ಮಡಚಿಟ್ಟಿದ್ದ ಜಾಹೀರಾತಿನಲ್ಲಿ ಒಂದು ಕಾರ್ಡ್‌ಲೆಸ್ ಫೋನು ಬಂದಿತ್ತು. ನಲವತ್ತು ಡಾಲರ್ ಎಂದು ಕುಂಬಳಕಾಯಿ ಗಾತ್ರದ ಅಕ್ಷರ. ಅದರ ಕೆಳಗೆ ಇರುವೆ ಸಾಲಿನಂತೆ ಉಳಿದ ಕಥೆ: ಅಂಗಡಿಯಲ್ಲಿ ಎಂಬತ್ತು ಕೊಡಬೇಕು, ಆಮೇಲೆ ಅಂಚೆಯಲ್ಲಿ ಅರ್ಜಿ ಹಾಕಿದರೆ ನಲವತ್ತು ರಿಬೇಟೆಂದು ವಾಪಸ್ಸು ಬರುತ್ತದೆ.

ಲಿಯೋನಾ ನನಗೆ ಫೋನ್ ಮಾಡಿದಳು. "ನಾಳೆ ಬೆಳಗ್ಗೆ ಅಂಗಡಿಗೆ ಕರ್ಕೊಂಡು ಹೋಗ್ತೀಯೇನೇ? ಮೇಲಿನವಳಿಗೆ ಹೇಳ್ಬೇಡ. ನೋಡಿದ್ದನ್ನೆಲ್ಲಾ ತಗೋಬೇಕು ಅನ್ನೋ ಜಾತಿ ಅದು."

ಫೋನಿಟ್ಟು ನಾನಿನ್ನೂ ಕಾಫಿ ಬಗ್ಗಿಸಿಕೊಂಡಿರಲಿಲ್ಲ, ಆಡ್ಲಿನ್ ಫೋನ್ ಬಂತು. "ರೆನಾಟಾ, ನಾಳೆ ಕಾರು ಖಾಲಿ ಇದ್ಯಾ? ಕೆಳಗಿನವಳಿಗೆ ಗೊತ್ತಾಗೋದು ಬೇಡ ಕಣೇ. ನನ್ನ ಕಾಪಿ ಹೊಡೀತಾಳೆ."

ನನ್ನಲ್ಲಿರುವುದು ಒಂದು ಕಾರು. ಮರುದಿನ ಇನ್ನೂ ಬೆಳಕು ಹರಿಯುವ ಮೊದಲು ಲಿಯೋನಾ ಮುಂದಿನ ಸೀಟಿನಲ್ಲಿ, ಆಡ್ಲಿನ್ ಹಿಂದಿನದರಲ್ಲಿ, ಇಬ್ಬರೂ ತಂತಮ್ಮ ಕಿಟಕಿಯಾಚೆ ನೋಡುತ್ತಾ ಹೊರಟೆವು.

"ರೆನಾಟಾ, ಹಿಂದೆ ಕೂತಿರೋರಿಗೆ ಹೇಳು, ಮೊಣಕಾಲು ನನ್ನ ಬೆನ್ನಿಗೆ ತಾಗ್ತಾ ಇದೆ ಅಂತ."

"ಮುಂದೆ ಕೂತಿರೋರಿಗೆ ಹೇಳು, ಅದು ಕಾರಿನ ಸೀಟು, ಆಸ್ಪತ್ರೆ ಮಂಚ ಅಲ್ಲ. ಅಷ್ಟು ಹಿಂದಕ್ಕೆ ಒರಗೋದು ಯಾಕೆ ಅಂತ."

ಅಂಗಡಿಯ ಮುಂದೆ ಕೊರೆಯುವ ಚಳಿಯಲ್ಲಿ ಉದ್ದನೆ ಸಾಲು. ಇಬ್ಬರ ನಡುವೆ ನನ್ನನ್ನು ನಿಲ್ಲಿಸಿಕೊಂಡರು. ಒಳಗೆ ನುಗ್ಗಿದ ಮೇಲೆ ಇಬ್ಬರೂ ಒಂದೇ ರಾಶಿಯಿಂದ ಒಂದೇ ಬಣ್ಣದ ಫೋನು ಎತ್ತಿಕೊಂಡು, ಬೇರೆ ಬೇರೆ ಕೌಂಟರಿನಲ್ಲಿ ದುಡ್ಡು ಕೊಟ್ಟರು.

ರಿಬೇಟಿನ ಅರ್ಜಿ ಹಾಕುವುದು ಕೂಡ ಒಂದು ಪೂಜೆಯೇ. ಫೋನಿನ ಡಬ್ಬಿಯ ಮೇಲಿನ ಬಾರ್ಕೋಡ್ ಎಂಬ ಕರಿಗೆರೆಗಳ ಚೌಕವನ್ನು ಕತ್ತರಿಸಬೇಕು. ಅಸಲು ರಸೀದಿ ಇಡಬೇಕು. ಅದರಲ್ಲಿ ಬೆಲೆಯ ಸುತ್ತ ಗೀಟೆಳೆಯಬೇಕು. ಹೆಸರು, ವಿಳಾಸ ಎಲ್ಲ ಬಿಡಿಬಿಡಿಯಾಗಿ, ಒಂದೊಂದು ಮನೆಗೆ ಒಂದೊಂದು ಅಕ್ಷರ. ಲಿಯೋನಾ ಬ್ರೆಡ್ ಕೊಯ್ಯುವ ಚಾಕುವಿನಿಂದ ಡಬ್ಬಿಯ ಅರ್ಧ ಗೋಡೆಯನ್ನೇ ಕಿತ್ತಳು. ಆಡ್ಲಿನ್ ಹೊಲಿಗೆ ಕತ್ತರಿಯಲ್ಲಿ ಅಂಚು ಒಂದೆಳೆ ಆಚೀಚೆಯಾಗದಂತೆ ಕತ್ತರಿಸಿ, ಲೈಬ್ರರಿಗೆ ಹೋಗಿ ಎಲ್ಲದರ ನಕಲು ತೆಗೆಸಿ, ಲಕೋಟೆಗೆ ಮುತ್ತಿಕ್ಕಿ ಬೀದಿ ಮೂಲೆಯ ಅಂಚೆ ಡಬ್ಬಿಗೆ ಹಾಕಿದಳು. ಅದೇ ಬೀದಿ ಮೂಲೆಯ ಅದೇ ನೀಲಿ ಡಬ್ಬಿಗೆ ಲಿಯೋನಾ ಆಗಲೇ ತನ್ನದನ್ನು ಹಾಕಿ ಬಂದಿದ್ದಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಫೋನುಗಳು ಸುಮ್ಮನಿರಲಿಲ್ಲ. ಒಂದೇ ತಳಿಯ ಎರಡು ಫೋನು ಒಂದೇ ಸೂರಿನಡಿ ಸೇರಿದ್ದರಿಂದಲೋ ಏನೋ, ಮೇಲಿನ ಮಾತು ಕೆಳಗೂ ಕೆಳಗಿನ ಮಾತು ಮೇಲೂ ಸೋರತೊಡಗಿತು. ಕ್ರಿಸ್ಮಸ್ ಹೊತ್ತಿಗೆ ಲಿಯೋನಾ ನನಗೆ ಹೇಳಿದಳು, "ಮೇಲಿನವಳು ರೇಡಿಯೋದವರಿಗೆ ಫೋನ್ ಮಾಡಿ ಹಾಡು ಕೇಳ್ತಾಳೆ ಕಣೇ. ಈ ವಯಸ್ಸಲ್ಲಿ!"

"ನಿನಗೆ ಹೇಗೆ ಗೊತ್ತು ಚೋಚಾ?"

"ನಾನು ಕದ್ದು ಕೇಳಲ್ಲ. ಫೋನು ಕೇಳುತ್ತೆ. ಕೆಲಸ ಮಾಡ್ತಾ ಇದ್ಯಾ ಅಂತ ಆಗಾಗ ಎತ್ತಿ ನೋಡ್ಬೇಕಲ್ಲ."

ಮೇಲೆ ಹೋದರೆ ಆಡ್ಲಿನ್, "ಕೆಳಗಿನವಳು ಮಂಡಿ ನೋವಿಗೆ ಡಾಕ್ಟರ್ ಹತ್ರ ಮೂರು ಸಲ ಮಾತಾಡಿದ್ಳು. ನಿನಗೆ ಹೇಳಿದ್ಲಾ? ಹೇಳಿರಲ್ಲ. ಗಟ್ಟಿಗಿತ್ತಿ ಅಂತ ತೋರಿಸ್ಕೋಬೇಕಲ್ಲ" ಎಂದಳು. ಅವಳೂ ಫೋನನ್ನು ಆಗಾಗ ಎತ್ತಿ ಪರೀಕ್ಷಿಸುತ್ತಿದ್ದಳು. ಸುದ್ದಿ ಹೊರುವ ಕತ್ತೆಯಾದ ನನಗಿಂತ ಮೊದಲೇ ಅವರಿಗೆ ಸುದ್ದಿ ಮುಟ್ಟುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಇಬ್ಬರಿಗೂ ಒಂದೇ ದಿನ ಅಂಚೆ ಕಾರ್ಡು ಬಂತು.

ಲಿಯೋನಾಳದ್ದನ್ನು ನಾನು ಕೆಳಗೆ ಓದಿದೆ. 'ವಿಷಾದಿಸುತ್ತೇವೆ. ಈ ವಿಳಾಸದಿಂದ ಈಗಾಗಲೇ ಒಂದು ಅರ್ಜಿ ಬಂದಿರುವುದರಿಂದ ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಒಂದು ಸಂಸಾರಕ್ಕೆ ಒಂದೇ.'

"ನೋಡಿದ್ಯಾ!" ಎಂದಳು ಲಿಯೋನಾ, ಬೆರಳು ಚಾವಣಿಯ ಕಡೆಗಿತ್ತು. "ನನ್ನ ನಲವತ್ತು ನುಂಗಿದ್ಳು. ಅಂಚೆಯವನಿಗಿಂತ ಮೊದಲು ಓಡಿರ್ತಾಳೆ."

ಮೇಲೆ ಹೋದೆ. ಅದೇ ಕಾರ್ಡು, ಅದೇ ಮಾತು, ಹೆಸರು ಮಾತ್ರ ಆಡ್ಲಿನ್ ಗೋರ್ಸ್ಕಿ.

"ಕಳ್ಳಿ" ಎಂದಳು ಆಡ್ಲಿನ್, ಚಪ್ಪಲಿಯಿಂದ ನೆಲ ತಟ್ಟಿ. "ನನ್ನ ದುಡ್ಡಲ್ಲಿ ಈ ಶುಕ್ರವಾರ ಮೀನೂಟಕ್ಕೆ ಹೋಗ್ತಾಳೆ ನೋಡ್ತಿರು."

"ಚೋಚಾ, ಅವಳಿಗೂ ಇದೇ ಕಾರ್ಡು ಬಂದಿದೆ. ಇಬ್ಬರಿಗೂ ಸಿಕ್ಕಿಲ್ಲ."

"ಹಂಗಾದ್ರೆ ಮೊದಲನೇ ಅರ್ಜಿ ಯಾರದ್ದು? ಅಪ್ಪ ಸಮಾಧಿಯಿಂದ ಎದ್ದು ಬಂದು ಹಾಕಿದ್ನಾ?"

ಡಾಕ್ಟರರ ಷಾಪಿಗೆ ಬರುವ ಇನ್ಷೂರೆನ್ಸ್ ಕಂಪನಿಗಳ ತಿರಸ್ಕಾರ ಪತ್ರಗಳನ್ನು ಓದಿಯೇ ನನ್ನ ಕಣ್ಣಿಗೆ ಕನ್ನಡಕ ಬಂದದ್ದು. ಆದರೂ ಮೊದಲನೆಯವರಿಲ್ಲದೆ ಇಬ್ಬರನ್ನೂ ಎರಡನೆಯವರನ್ನಾಗಿ ಮಾಡುವ ಈ ಲೆಕ್ಕ ನನಗೂ ಹೊಸದು. ಎರಡು ಕಾರ್ಡುಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸೋಣವೆಂದರೆ ಒಬ್ಬರೂ ತಮ್ಮ ಕಾರ್ಡು ಕೈಬಿಡಲೊಲ್ಲರು. ನಾನು ಇನ್ನೊಬ್ಬರ ಪರವಾಗಿ ಸುಳ್ಳು ಹೇಳುತ್ತಿದ್ದೇನೆಂದು ಇಬ್ಬರೂ ತೀರ್ಮಾನಿಸಿದರು. ಆ ವಾರ ನನಗೆ ಎರಡೂ ಮಹಡಿಗಳಲ್ಲಿ ಕೇಕು ಸಿಗಲಿಲ್ಲ.

ಶನಿವಾರ ಬೆಳಗ್ಗೆ ಲಿಯೋನಾ ಕಾರ್ಡಿನಲ್ಲಿದ್ದ ಸಂಖ್ಯೆಗೆ ಫೋನ್ ಮಾಡುತ್ತೇನೆಂದಳು. ಸಾಕ್ಷಿಗೆ ನಾನು ಎದುರಿಗೆ ಕೂರಬೇಕು. ಫೋನಿನ ಅಲೆಗಳು ಮಿದುಳಿಗೆ ಒಳ್ಳೆಯದಲ್ಲವೆಂದು ಅವಳು ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಸದ್ದನ್ನು ಪೂರಾ ಏರಿಸಿಕೊಂಡು ಮಾತನಾಡುತ್ತಿದ್ದಳು. ಹಾಗಾಗಿ ಅಡುಗೆಮನೆಯ ಮೇಜಿನಾಚೆ ಕೂತ ನನಗೂ ಒಂದಕ್ಷರ ಬಿಡದೆ ಕೇಳುತ್ತಿತ್ತು. ಮೊದಲು ಬಹಳ ಹೊತ್ತು ಪಿಟೀಲು ಸಂಗೀತ. ಲಿಯೋನಾ ಅಷ್ಟರಲ್ಲಿ ಅರ್ಧ ಬುಟ್ಟಿ ಆಲೂಗಡ್ಡೆ ಸುಲಿದಳು. ಕೊನೆಗೆ ಯಾವುದೋ ದೂರದ ರಾಜ್ಯದಿಂದ ದಣಿದ ಹೆಣ್ಣುದನಿ.

"ರಿಬೇಟ್ ಕೇಂದ್ರ, ನಾನು ರೊಶೆಲ್. ಹೇಳಿ ಮೇಡಮ್."

"ನಾನು ಲಿಯೋನಾ ಕುಬಿಯಾಕ್. ನಿಮ್ಮೋರು ನನ್ನ ಮೇಲಿನ ಮನೆಯವಳನ್ನ ನನ್ನ ಸಂಸಾರಕ್ಕೆ ಸೇರಿಸಿಬಿಟ್ಟಿದ್ದೀರ. ಅವಳು ನನ್ನ ಸಂಸಾರ ಅಲ್ಲ. ದೇವರು ದೊಡ್ಡವನು."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. "ಒಂದೇ ವಿಳಾಸ ತೋರಿಸ್ತಾ ಇದೆ ಮೇಡಮ್."

"ವಿಳಾಸ ಒಂದೇ. ಒಲೆ ಬೇರೆ."

"ಊಟ ಒಟ್ಟಿಗೆ ಮಾಡ್ತೀರಾ?"

"ಥೂ! ಅವಳು ಮಾಡಿದ್ದು ಯಾರು ತಿಂತಾರೆ? ಸೋಮವಾರ ಬೀಟ್‌ರೂಟ್ ಸೂಪ್ ಮಾಡ್ತಾಳೆ, ಅದನ್ನೇ ಬುಧವಾರದ ತನಕ ಬಿಸಿ ಮಾಡ್ಕೊಂಡು ತಿಂತಾಳೆ. ಗುರುವಾರ ಮೊಟ್ಟೆ. ಶುಕ್ರವಾರ ಡಬ್ಬಿ ಮೀನು. ಭಾನುವಾರ ಒಂದು ಸಾಸೇಜು ಹುರೀತಾಳೆ, ಅದೂ ಸೀದು ಹೋಗುತ್ತೆ."

ಆ ಕಡೆ ಕುಟ್ಟುವುದು ನಿಂತಿತು. "ಬೇರೆ ಸಂಸಾರ ಅಂತೀರ. ಇಷ್ಟೆಲ್ಲಾ ಹೇಗೆ ಗೊತ್ತು ಮೇಡಮ್?"

"ಮೂಗಿದೆಯಲ್ಲ ನನಗೆ!"

"ಸೀದು ಹೋಗಲ್ಲ!" ಎಂದಿತು ಫೋನು.

ಲಿಯೋನಾ ಫೋನನ್ನು ಇನ್ನೊಂದು ಗೇಣು ದೂರ ಹಿಡಿದು ದಿಟ್ಟಿಸಿದಳು. ಆ ದನಿ ರೊಶೆಲ್‌ಳದ್ದಲ್ಲ. ಫೋನಿನೊಳಗಿನಿಂದಲೂ ಚಾವಣಿಯ ಮೂಲಕವೂ, ಎರಡು ಕಡೆಯಿಂದ ಬಂದಿತ್ತು.

"ಸೀದು ಹೋಗಲ್ಲ, ಗರಿಗರಿ ಆಗುತ್ತೆ. ಅಮ್ಮ ಹಾಗೇ ಮಾಡ್ತಿದ್ದಿದ್ದು" ಎಂದಳು ಆಡ್ಲಿನ್.

"ಯಾರದು ಲೈನಲ್ಲಿ?" ರೊಶೆಲ್ ಕೇಳಿದಳು.

"ಆಡ್ಲಿನ್ ಗೋರ್ಸ್ಕಿ. ಬೇರೆ ಸಂಸಾರ. ನನ್ನ ಅರ್ಜಿನೂ ತಿರಸ್ಕಾರ ಮಾಡಿದ್ದೀರ. ಇವಳಿಗೆ ನಲವತ್ತು ಕೊಟ್ಟು ನನಗೆ ಕಾರ್ಡು ಕಳ್ಸಿದ್ದೀರ."

"ಯಾರಿಗೆ ಕೊಟ್ರು? ನನಗೆ ಕೊಟ್ರಾ?" ಲಿಯೋನಾ ಎದ್ದು ನಿಂತು ಚಾವಣಿಗೆ ಹೇಳಿದಳು. "ನುಂಗಿರೋಳು ನೀನು!"

"ನಾನಾ? ರೊಶೆಲ್, ಹೇಳಮ್ಮ ಅವಳಿಗೆ!"

ರೊಶೆಲ್ ಪಾಪ, ಮತ್ತೆ ಕುಟ್ಟಿ ನೋಡಿ, ಇಬ್ಬರಿಗೂ ಏನೂ ಕಳಿಸಿಲ್ಲವೆಂದಳು. "ಎರಡೂ ಅರ್ಜಿ ಒಂದೇ ದಿನ ಬಂದಿವೆ. ಒಂದು ಇನ್ನೊಂದನ್ನ ತಡೆದಿದೆ. ಕಂಪ್ಯೂಟರ್ ಹಾಗೆ ಮಾಡುತ್ತೆ."

ಕಳ್ಳಿಯೂ ಇಲ್ಲ, ಕಳ್ಳತನವೂ ಇಲ್ಲ ಎಂದು ತಿಳಿದಾಗ ಆಗುವ ನಿರಾಸೆ ಸಣ್ಣದಲ್ಲ. ನಾನು ಹೇಳಿದ್ದೆನಲ್ಲ ಎನ್ನಲು ಬಾಯಿ ತೆರೆದೆ. ಲಿಯೋನಾ ಸುಲಿಯುವ ಚಾಕುವನ್ನು ನನ್ನ ಕಡೆ ತಿರುಗಿಸಿದಳು, ಮುಚ್ಚಿದೆ.

"ಹಾಗಿದ್ರೆ ಇಬ್ಬರಿಗೂ ಕೊಡಿ" ಎಂದಳು ಆಡ್ಲಿನ್. "ನಾವಿಬ್ಬರೂ ಬೇರೆ ಬೇರೆ. ಮಾತುಕತೆ ಕೂಡ ಇಲ್ಲ."

"ಈಗ ಮಾತಾಡ್ತಾ ಇದ್ದೀರಲ್ಲ?"

"ನಿನ್ನ ಹತ್ರ ಮಾತಾಡ್ತಿದೀವಿ!" ಇಬ್ಬರೂ ಒಟ್ಟಿಗೆ ಹೇಳಿದರು.

"ಒಂದೇ ಫೋನಲ್ಲಿ" ಎಂದಳು ರೊಶೆಲ್.

"ಎರಡು ಫೋನು! ಅದಕ್ಕೇ ಎರಡು ರಿಬೇಟು!" ಎಂದಳು ಆಡ್ಲಿನ್.

ಲಿಯೋನಾಗೆ ರೇಗಿತ್ತು. ತಾವೆಷ್ಟು ಬೇರೆ ಎಂದು ಈ ಹುಡುಗಿಗೆ ಮನದಟ್ಟು ಮಾಡಿಕೊಡಲೇಬೇಕಿತ್ತು. "ನೋಡಮ್ಮ ರೊಶೆಲ್. ಇವಳು ಬೆಳಗ್ಗೆ ಎದ್ದು ಮೊದಲು ಕಿಟಕಿ ಹತ್ರ ಹೋಗ್ತಾಳೆ, ಆಮೇಲೆ ಒಲೆ ಹತ್ರ. ಎಡಗಾಲು ಎಳೀತಾಳೆ, ಚಪ್ಪಲಿ ಸರಸರ ಅನ್ನುತ್ತೆ. ರಾತ್ರಿ ದೀಪ ಆರಿಸಿದ ಮೇಲೆ ಒಂದ್ಸಲ ನೀರಿಗೆ ಏಳ್ತಾಳೆ. ಅವಳು ವಾಪಸ್ ಹೋಗಿ ಮಂಚ ಕಿರ್ ಅನ್ನೋ ತನಕ ನನಗೆ ನಿದ್ದೆ ಬರಲ್ಲ. ಹೋದ ತಿಂಗಳು ಒಂದಿನ ಧಡ್ ಅಂತ ಏನೋ ಬಿತ್ತು. ಆಮೇಲೆ ಸದ್ದೇ ಇಲ್ಲ. ಈ ಮಂಡಿ ಇಟ್ಕೊಂಡು ಹಿತ್ತಿಲ ಮೆಟ್ಟಿಲು ತಿರುವಿನ ತನಕ ಹತ್ತಿದ್ದೆ. ಅಷ್ಟರಲ್ಲಿ ರೇಡಿಯೋ ಹಾಕಿದ್ಳು. ಇಳಿದು ಬಂದೆ. ನಾನು ಒಂದು ಸಲನಾದ್ರೂ ಅವಳ ಮನೆ ಬಾಗಿಲು ದಾಟಿದ್ದೀನಾ? ಇಲ್ಲ! ಇದಕ್ಕಿಂತ ಬೇರೆ ಸಂಸಾರ ಹೇಗಮ್ಮ ಇರುತ್ತೆ?"

ನಾನು ಆಲೂಗಡ್ಡೆ ಸಿಪ್ಪೆಗಳನ್ನು ನೋಡುತ್ತಾ ಕುಳಿತೆ.

"ಅದು ಇಸ್ತ್ರಿ ಹಲಗೆ ಬಿದ್ದಿದ್ದು" ಎಂದಳು ಆಡ್ಲಿನ್, ಬಹಳ ತಗ್ಗಿದ ದನಿಯಲ್ಲಿ. ಆಮೇಲೆ, "ತಿರುವಿನ ತನಕ ಬಂದಿದ್ಯಾ, ಲಿಯೋನಾ?"

"ಬಂದಿದ್ದೆ. ಏನೀಗ?"

"ಬಾಗಿಲು ತಟ್ಟೋದಲ್ವಾ, ಪೆದ್ದಿ."

"ತಟ್ಟಿದ್ರೆ ತೆಗೀತಿದ್ಯಾ?"

"ಇಲ್ಲ" ಎಂದಳು ಆಡ್ಲಿನ್. "ಆದ್ರೆ ಒಳಗಿಂದ 'ಬದುಕಿದ್ದೀನಿ' ಅಂತ ಕೂಗ್ತಿದ್ದೆ."

ರೊಶೆಲ್ ಮೂಗು ಒರೆಸಿಕೊಂಡ ಸದ್ದು ಕೇಳಿತು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. "ನೋಡಿ, ದಿನವಿಡೀ ನಾನು ಸಂಸಾರಸ್ಥರ ಹತ್ರ ಮಾತಾಡ್ತೀನಿ. ಇಷ್ಟು ಒಟ್ಟಿಗಿರೋ ಸಂಸಾರ ನಾನು ಕಂಡಿಲ್ಲ."

"ನಾವು ಒಂದು ಸಂಸಾರ ಅಲ್ಲ!" ಈ ಸಲ ಕೂಗು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

ಕೊನೆಗೆ ರೊಶೆಲ್ ಒಂದು ದಾರಿ ಹೇಳಿದಳು. ಇಬ್ಬರೂ ಬೇರೆ ಬೇರೆ ಸಂಸಾರಗಳೆಂದು ಒಂದು ಪತ್ರ ಬರೆದು, ಇಬ್ಬರೂ ಸಹಿ ಮಾಡಿ, ಎರಡು ಕರೆಂಟು ಬಿಲ್ಲುಗಳ ನಕಲಿನೊಂದಿಗೆ ಕಳಿಸಬೇಕು. "ಪತ್ರ ಒಂದೇ ಇರ್ಲಿ. ಎರಡು ಕಳ್ಸಿದ್ರೆ ಒಂದು ಇನ್ನೊಂದನ್ನ ತಡೆಯುತ್ತೆ."

ಬೇರೆಯಿದ್ದೇವೆಂದು ಸಾಧಿಸಲು ಒಟ್ಟಿಗೆ ಕೂರಬೇಕಾಯಿತು. ಎಲ್ಲಿ ಕೂರುವುದೆಂಬುದೇ ಮೊದಲನೆಯ ತಗಾದೆ. ಲಿಯೋನಾ ಮೇಲೆ ಹತ್ತಲೊಲ್ಲಳು, ಆಡ್ಲಿನ್ ಕೆಳಗೆ ಇಳಿಯಲೊಲ್ಲಳು. ಹಿತ್ತಿಲ ಮೆಟ್ಟಿಲಿನ ತಿರುವಿನಲ್ಲಿ, ಯಾರ ಸೀಮೆಗೂ ಸೇರದ ಜಾಗದಲ್ಲಿ ಕೂತೆವು. ಇಬ್ಬರೂ ಕೋಟು ತೊಟ್ಟು, ತಂತಮ್ಮ ಮನೆಯಿಂದ ತಂತಮ್ಮ ದಿಂಬು ತಂದಿದ್ದರು. ನಾನು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಬರೆದೆ.

"ಬರಿ," ಎಂದಳು ಆಡ್ಲಿನ್, "ನಮ್ಮಿಬ್ಬರಿಗೂ ಅಡುಗೆ, ಉಪ್ಪು, ಅಭಿಪ್ರಾಯ ಯಾವುದೂ ಒಂದೇ ಇಲ್ಲ."

"ಅಭಿಪ್ರಾಯ ಅವರಿಗೆ ಯಾಕೆ? ಅದನ್ನ ಹೊಡೆದುಹಾಕು" ಎಂದಳು ಲಿಯೋನಾ.

"ನೋಡಿದ್ಯಾ, ಇಲ್ಲೇ ಗೊತ್ತಾಯ್ತಲ್ಲ. ಇರ್ಲಿ ಅದು."

"ಸರಿ. 'ಅಕ್ಕ ದೊಡ್ಡವಳಾದರೂ ಅಹಂಕಾರ ತಂಗಿಗೇ ಜಾಸ್ತಿ' ಅಂತಲೂ ಸೇರಿಸು."

"ಸೇರಿಸು, ಸೇರಿಸು. ಅದರ ಮುಂದೆ ಆವರಣದಲ್ಲಿ 'ಸುಳ್ಳು' ಅಂತ ಬರಿ. ಕೆಳಗೆ ನನ್ನ ಹೆಸರಿನ ಮೊದಲಕ್ಷರ."

ಚಳಿಗೆ ನನ್ನ ಬೆರಳು ಮರಗಟ್ಟಿತು. ಆಡ್ಲಿನ್ ಎದ್ದು ಹೋಗಿ ಮೂರು ಲೋಟದಲ್ಲಿ ಬಿಸಿನೀರಿಗೆ ಬ್ರಾಂಡಿ ಬೆರೆಸಿ ತಂದಳು. ಲಿಯೋನಾ ತನ್ನ ಲೋಟವನ್ನು ಮೂಸಿ ನೋಡಿದಳು. ಅವಳ ಬಾಯಿಂದ ಏನು ಬೀಳುತ್ತದೋ ಎಂದು ನಾನು ಉಸಿರು ಹಿಡಿದೆ. ಅವಳು ತಳ ಕಾಣುವ ತನಕ ಕುಡಿದಳು. ಎರಡನೆಯ ಲೋಟವನ್ನು ಅವಳೇ ಕೇಳಿದಳು.

ಪತ್ರ ಹೋಯಿತು. ಮಾರ್ಚ್ ಕಳೆಯಿತು, ಹಿಮ ಕರಗಿ ಬೀದಿಯೆಲ್ಲ ಕೆಸರಾಯಿತು, ಚರ್ಚಿನ ಅಂಗಳದಲ್ಲಿ ಲೈಲಾಕ್ ಹೂ ಬಿಟ್ಟವು. ಅಂಚೆಯವನು ಬರುವ ಹೊತ್ತಿಗೆ ಇಬ್ಬರೂ ಬಾಗಿಲಲ್ಲಿ ಸೇರುವುದು ಅಭ್ಯಾಸವಾಯಿತು. ಮೊದಮೊದಲು ಯಾರು ಡಬ್ಬಿಗೆ ಕೈ ಹಾಕಬೇಕೆಂಬ ಪೈಪೋಟಿ. ಆಮೇಲೆ ನಿಂತು ಕಾಲು ನೋಯುತ್ತದೆಂದು ಲಿಯೋನಾ ಎರಡು ಕುರ್ಚಿ ಹಾಕಿದಳು. ಒಂದು ತನಗೆ, ಇನ್ನೊಂದು ಸುಮ್ಮನೆ. ಆ ಸುಮ್ಮನೆ ಕುರ್ಚಿಯಲ್ಲಿ ಆಡ್ಲಿನ್ ಕೂರುತ್ತಿದ್ದಳು.

ಚೆಕ್ಕು ಬಂದದ್ದು ಜೂನ್‌ನಲ್ಲಿ. ಅಂಚೆಯವನೇ ತಲೆ ಕೆರೆದುಕೊಂಡು ಇಬ್ಬರ ನಡುವೆ ಹಿಡಿದ. ಲಕೋಟೆ ಒಂದೇ. ಮೊತ್ತ ನಲವತ್ತು. ಹೆಸರು 'ಲಿಯೋನಾ ಮತ್ತು ಆಡ್ಲಿನ್ ಕುಬಿಯಾಕ್'.

ಅಂದರೆ ಪತ್ರ, ಬಿಲ್ಲು, ಬ್ರಾಂಡಿ, ಚಳಿ ಎಲ್ಲ ನೋಡಿದ ಮೇಲೂ ಕಂಪನಿ ತೀರ್ಪು ಕೊಟ್ಟಿತ್ತು: ಒಂದೇ ಸಂಸಾರ.

ನನಗೆ ಫೋನ್ ಬಂದಾಗ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದರು. ಡಾಕ್ಟರರಿಗೆ ಹೇಳಿ ಓಡಿದೆ. ಹೋಗಿ ನೋಡಿದರೆ ಆಡ್ಲಿನ್ ಕುರ್ಚಿಯಲ್ಲಿ ಚೆಕ್ಕು ಹಿಡಿದು ಕೂತಿದ್ದಾಳೆ, ಮುಖ ಗಂಭೀರ.

"ಕುಬಿಯಾಕ್" ಎಂದಳು. "ಆಡ್ಲಿನ್ ಕುಬಿಯಾಕ್. ಚೆಸ್ಟರ್ ಬದುಕಿದ್ದಾಗ ನನಗೆ ಒಂದು ಬಿಯರ್ ಕೊಡಿಸಿದವನಲ್ಲ. ಸತ್ತ ಮೇಲೆ ಹೆಸರನ್ನೇ ಕೊಟ್ಟುಬಿಟ್ಟ."

ಲಿಯೋನಾ ಅವಳನ್ನು ನೋಡಿದಳು. ಅವಳ ಗಲ್ಲ ಅದುರತೊಡಗಿತು. ನಾನು ಕರವಸ್ತ್ರಕ್ಕೆ ಕೈ ಹಾಕಿದೆ. ಅವಳು ನಕ್ಕುಬಿಟ್ಟಳು. ಕುರ್ಚಿಯ ತೋಳು ಹಿಡಿದುಕೊಂಡು, ಮಂಡಿ ನೋವೆಂದು ನರಳುತ್ತಾ, ಮತ್ತೆ ನಗುತ್ತಾ, "ಅವನು ನಿನಗೆ ಹೆದರ್ತಿದ್ದ ಕಣೇ ಆಡ್ಲಿನ್. ಮೇಲಿಂದ ಚಪ್ಪಲಿ ಸದ್ದಾದ್ರೆ ಬಿಯರ್ ಡಬ್ಬಿ ಬಚ್ಚಿಡ್ತಿದ್ದ!" ಎಂದಳು. ಆಡ್ಲಿನ್ ಇನ್ನೂ ಗಂಭೀರವಾಗಿಯೇ, "ಎಲ್ಲಿ ಬಚ್ಚಿಡ್ತಿದ್ದ ಅಂತಲೂ ನನಗೆ ಗೊತ್ತು, ಬಾಯ್ಲರ್ ಹಿಂದೆ" ಎಂದಾಗ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಅಂಚೆಯವನು ಮುಂದಿನ ಮನೆಗೆ ಹೋಗುವುದನ್ನು ಮರೆತು ಇನ್ನೂ ಅಲ್ಲೇ ನಿಂತಿದ್ದ.

ಬ್ಯಾಂಕಿನಲ್ಲಿ ಕಿಟಕಿಯ ಹುಡುಗಿ ಆಡ್ಲಿನ್‌ಳ ಗುರುತಿನ ಚೀಟಿ ನೋಡಿ, "ನೀವು ಕುಬಿಯಾಕ್ ಅಲ್ವಲ್ಲ" ಎಂದಳು.

"ಇವತ್ತು ಹೌದು" ಎಂದಳು ಆಡ್ಲಿನ್.

ಚೆಕ್ಕಿನಲ್ಲಿರುವ ಹೆಸರನ್ನು ಮೊದಲು ಬರೆದು ಅದರ ಕೆಳಗೆ ನಿಜವಾದ ಹೆಸರು ಬರೆದರೆ ಆಗುತ್ತದೆಂದು ಹುಡುಗಿ ಹೇಳಿದಳು. ಆಡ್ಲಿನ್ ಕಾರ್ಖಾನೆಯ ಹೊಲಿಗೆಯಷ್ಟು ಅಂದವಾಗಿ ಎರಡೂ ಹೆಸರು ಬರೆದಳು. ದುಡ್ಡನ್ನು ಸರಿಪಾಲು ಮಾಡಿಕೊಂಡು ಹೊರಗೆ ಬಂದ ಮೇಲೆ ಲಿಯೋನಾ ಹೇಳಿದಳು, "ಇನ್ನೂ ನಲವತ್ತು ಬಾಕಿ ಇದೆ. ರೊಶೆಲ್‌ಗೆ ಫೋನ್ ಮಾಡ್ಬೇಕು."

"ಬೇಡ. ಆ ಮಗು ಎಷ್ಟು ಬೈಸ್ಕೊಳ್ಳುತ್ತೆ. ಮುಂದಿನ ಸಲ ಹುಷಾರಾಗಿರೋಣ" ಎಂದಳು ಆಡ್ಲಿನ್. ಇಬ್ಬರೂ ತಿರುಗಿ ನನ್ನನ್ನು ನೋಡಿದರು.

"ರೆನಾಟಾದು ಬೇರೆ ವಿಳಾಸ ಅಲ್ವಾ" ಎಂದಳು ಲಿಯೋನಾ.

"ಒಬ್ಬಳೇ ಇದ್ದಾಳೆ" ಎಂದಳು ಆಡ್ಲಿನ್. "ಪೂರಾ ಒಂದು ಸಂಸಾರ ದಂಡವಾಗಿ ಬಿದ್ದಿದೆ."

ಅಂದಿನಿಂದ ಒಬ್ಬಳ ಅರ್ಜಿ ಅವರ ಮನೆಯಿಂದ, ಇನ್ನೊಬ್ಬಳದು ನನ್ನ ಮನೆಯಿಂದ ಹೋಗುತ್ತದೆ. ಹೋದ ಚಳಿಗಾಲ ಅವರು ಕೊಂಡ ಪ್ರಿಂಟರು ಒಂದು, ಸ್ಕ್ಯಾನರು ಒಂದು. ಎರಡನ್ನೂ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು, ಕಂಪ್ಯೂಟರೇ ಇಲ್ಲ. ಸ್ಕ್ಯಾನರಿನದು ಬಂತು. ಪ್ರಿಂಟರಿನದು ಬರಲಿಲ್ಲ. ಕರಿಗೆರೆಯ ಚೌಕ ಅಸಲಲ್ಲ, ನಕಲೆಂದು ಕಾರ್ಡು ಬಂತು. ಆಡ್ಲಿನ್ ಅಷ್ಟು ಚೆಂದ ಕತ್ತರಿಸಿದ್ದೇ ತಪ್ಪೆಂದು ಲಿಯೋನಾ, ರಸೀದಿಗೆ ಲಿಯೋನಾ ಬೆಣ್ಣೆ ಮೆತ್ತಿದ್ದೇ ತಪ್ಪೆಂದು ಆಡ್ಲಿನ್. ಈಗ ಅದನ್ನೆಲ್ಲ ಒಬ್ಬರ ಮುಖ ನೋಡಿಕೊಂಡೇ ಒಬ್ಬರು ಹೇಳುತ್ತಾರೆ. ನಡುವೆ ನನ್ನ ಅಗತ್ಯವಿಲ್ಲ. ಒಂದೊಂದು ಸಲ ಅದು ನನಗೆ ಬೇಸರವನ್ನೂ ತರುತ್ತದೆ.

ಆದರೆ ಭಾನುವಾರ ಮಧ್ಯಾಹ್ನ ಮಾತ್ರ ನಾನು ಬೇಕೇ ಬೇಕು. ಲಿಯೋನಾ ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಅಜ್ಜನನ್ನು ಬಯ್ಯುತ್ತಾ ಮೇಲೆ ಹತ್ತುತ್ತಾಳೆ. ಆಡ್ಲಿನ್ ಇಸ್ಪೀಟು ಕಲೆಸಿಟ್ಟು ಕಾಯುತ್ತಿರುತ್ತಾಳೆ. ನಮ್ಮೂರಿನ 'ಕುರಿತಲೆ' ಎಂಬ ಇಸ್ಪೀಟಾಟಕ್ಕೆ ಮೂವರಿಲ್ಲದೆ ಆಗುವುದಿಲ್ಲ. ಆ ಆಟದಲ್ಲಿ ಒಬ್ಬಳು ನಡುವೆ ಮುಚ್ಚಿಟ್ಟ ಎಲೆಗಳನ್ನು ಎತ್ತಿಕೊಂಡರೆ ಉಳಿದಿಬ್ಬರು ಅವಳ ವಿರುದ್ಧ ಒಂದಾಗಬೇಕು. ಎಲೆ ಎತ್ತಿಕೊಳ್ಳುವವಳು ಹೇಗೋ ಏನೋ, ವಾರ ವಾರವೂ ನಾನೇ ಆಗುತ್ತೇನೆ.